ಬ್ಯಾಂಕಾಕಿನ ಟ್ಯಾಕ್ಸಿಯವರು ದುಪ್ಪಟ್ಟು ಕೇಳಿದರೆ ಕೊಟ್ಟು ಸುಮ್ಮನಾಗಬೇಕೇ?

ಪ್ರಶ್ನೆ: ಕಳೆದ ತಿಂಗಳು ನಾವು ನಾಲ್ಕು ಜನ ಬೆಂಗಳೂರಿನಿಂದ ಬ್ಯಾಂಕಾಕಿಗೆ ಹೋಗಿದ್ದೆವು. ವಿಮಾನ ನಿಲ್ದಾಣದಿಂದ ಸುಖುಂವಿಟ್‌ನ ಹೋಟೆಲಿಗೆ ಟ್ಯಾಕ್ಸಿಯವನು 900 ಬಾತ್ ತೆಗೆದುಕೊಂಡ. ಮಾರನೇ ದಿನ ಅರಮನೆ ನೋಡಿ, ಮಾಲ್‌ಗಳಿರುವ ಸಿಯಾಮ್ ಬಡಾವಣೆಯ ಕಡೆಗೆ ಬರಲು ಇನ್ನೊಬ್ಬ 400 ಕೇಳಿದ, ಕೊಟ್ಟೆವು. ನಮ್ಮ ಯಜಮಾನರು "ಬಿಡು, ಹೊಟ್ಟೆಪಾಡು, ನಮ್ಮೂರ ಆಟೋದವರು ಕೇಳಲ್ವಾ" ಅನ್ನುತ್ತಾರೆ. ಮಗನಿಗೆ ಇನ್ನೂ ಸಿಟ್ಟು ಇಳಿದಿಲ್ಲ. ಮುಂದಿನ ವರ್ಷ ಮತ್ತೆ ಹೋಗುವುದಿದೆ. ಇಂಥದ್ದನ್ನು ಸಹಿಸಿಕೊಳ್ಳಬೇಕೇ? ಕೊಟ್ಟ ದುಡ್ಡು ವಾಪಸ್ ಸಿಗುವ ದಾರಿ ಇದೆಯೇ?

ಉತ್ತರ: ಸಹನೆಯ ಮಾತಿಗೆ ಮುಂಚೆ ಲೆಕ್ಕ ನೋಡೋಣ. ಸರಿಯಾದ ಬಾಡಿಗೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಸಿಟ್ಟಿಗೂ ಔದಾರ್ಯಕ್ಕೂ ಅಳತೆ ಇರುವುದಿಲ್ಲ.

ಬ್ಯಾಂಕಾಕಿನ ಟ್ಯಾಕ್ಸಿ ದರವನ್ನು ಸರ್ಕಾರ ಗೊತ್ತುಮಾಡುತ್ತದೆ. 2023ರ ಜನವರಿಯಲ್ಲಿ ಜಾರಿಗೆ ಬಂದ ಪಟ್ಟಿ ಹೀಗಿದೆ: ಸಾಮಾನ್ಯ ಕಾರಿಗೆ ಮೊದಲ ಕಿಲೋಮೀಟರಿಗೆ 35 ಬಾತ್, ದೊಡ್ಡ ಗಾಡಿಗೆ 40. ಅಲ್ಲಿಂದ 10 ಕಿಲೋಮೀಟರ್‌ವರೆಗೆ ಕಿಲೋಮೀಟರಿಗೆ ಆರೂವರೆ ಬಾತ್, 10ರಿಂದ 20ರವರೆಗೆ 7, 20ರಿಂದ 40ರವರೆಗೆ 8. ಗಾಡಿ ಗಂಟೆಗೆ 6 ಕಿಲೋಮೀಟರಿಗಿಂತ ನಿಧಾನವಾದರೆ, ಅಂದರೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ, ನಿಮಿಷಕ್ಕೆ 3 ಬಾತ್ ಸೇರುತ್ತದೆ. ಸುವರ್ಣಭೂಮಿ ನಿಲ್ದಾಣದ ಸರದಿಯಿಂದ ಹೊರಟ ಟ್ಯಾಕ್ಸಿಗೆ ಮೀಟರಿನ ಮೇಲೆ 50 ಬಾತ್ ಕೊಡಬೇಕು, ಅದು ನಿಯಮದಲ್ಲೇ ಇದೆ. ಟೋಲ್ ಕೂಡ ಪ್ರಯಾಣಿಕರದೇ ಖರ್ಚು. ನಗರದ ನಡುಭಾಗಕ್ಕೆ ಎಕ್ಸ್‌ಪ್ರೆಸ್‌ವೇ ಮೇಲೆ ಬಂದರೆ ಸಾಮಾನ್ಯವಾಗಿ 25 ಮತ್ತು 50ರ ಎರಡು ಗೇಟುಗಳು ಸಿಗುತ್ತವೆ.

ಈಗ ನಿಮ್ಮ ಸವಾರಿಯನ್ನು ಕೂಡಿಸಿ ನೋಡಿ. ನಿಲ್ದಾಣದಿಂದ ಸುಖುಂವಿಟ್‌ಗೆ 30 ಕಿಲೋಮೀಟರ್ ಎಂದು ಹಿಡಿಯೋಣ. ಮೊದಲ ಹತ್ತಕ್ಕೆ 93.50, ಮುಂದಿನ ಹತ್ತಕ್ಕೆ 70, ಕೊನೆಯ ಹತ್ತಕ್ಕೆ 80, ಒಟ್ಟು 243.50. ಕಾಲು ಗಂಟೆ ಟ್ರಾಫಿಕ್ಕಿನಲ್ಲಿ ನಿಂತರೆ 45. ಅದರ ಮೇಲೆ ನಿಲ್ದಾಣದ 50, ಟೋಲ್ 75. ಎಲ್ಲ ಸೇರಿ ಸುಮಾರು 414 ಬಾತ್. ಸಂಜೆ ಹೊತ್ತಿನ ದಟ್ಟಣೆಯಲ್ಲಿ 450-475 ಆದರೂ ಆಶ್ಚರ್ಯವಿಲ್ಲ. ಕೊಟ್ಟದ್ದು 900. ಅರಮನೆಯಿಂದ ಸಿಯಾಮ್‌ಗೆ ಆರು ಕಿಲೋಮೀಟರ್, ಮೀಟರಿನಲ್ಲಿ 67.50, ಕಾಲು ಗಂಟೆ ಟ್ರಾಫಿಕ್ ಸೇರಿಸಿದರೆ 112. ಅಲ್ಲಿ ಕೊಟ್ಟದ್ದು 400. ಮೊದಲನೆಯದು ದುಪ್ಪಟ್ಟು, ಎರಡನೆಯದು ಮೂರೂವರೆ ಪಟ್ಟು. ದೊಡ್ಡ ಮೊತ್ತ ಎಂದು 900 ಕಣ್ಣಿಗೆ ಕುಕ್ಕುತ್ತದೆ, ಆದರೆ ನಿಜವಾದ ಸುಲಿಗೆ ನಡೆದದ್ದು ಆ 400ರಲ್ಲಿ.

ನಮ್ಮವರು ಮೋಸಹೋಗುವ ಇನ್ನೊಂದು ಜಾಗವಿದೆ. ಬೆಂಗಳೂರಿನಲ್ಲಿ ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು ಎನ್ನುವುದು ನಿಯಮವೇ ಆದ್ದರಿಂದ ಬ್ಯಾಂಕಾಕಿನಲ್ಲಿ ಮಧ್ಯರಾತ್ರಿ ಇಳಿದವರಿಗೆ "ನೈಟ್ ಚಾರ್ಜ್" ಎಂದರೆ ಸಹಜ ಅನ್ನಿಸುತ್ತದೆ. ಬ್ಯಾಂಕಾಕಿನ ಮೀಟರಿಗೆ ರಾತ್ರಿ ದರವೇ ಇಲ್ಲ. ತಲೆಗಿಷ್ಟು ಎಂಬ ಲೆಕ್ಕವೂ ಇಲ್ಲ. ಒಬ್ಬರಿದ್ದರೂ ನಾಲ್ವರಿದ್ದರೂ ಮೀಟರ್ ಒಂದೇ. ನಿಲ್ದಾಣದ ಆ 50 ಬಾತ್ ಕೂಡ ಅಲ್ಲಿಂದ ಹೊರಡುವಾಗ ಮಾತ್ರ. ವಾಪಸ್ ಬರುವ ದಿನ ಹೋಟೆಲಿನಿಂದ ನಿಲ್ದಾಣಕ್ಕೆ ಹೋಗುವಾಗ ಕೇಳಿದರೆ ಕೊಡಬೇಕಾಗಿಲ್ಲ.

ಇನ್ನು ಹೊಟ್ಟೆಪಾಡಿನ ಮಾತು. ಅದನ್ನು ತಳ್ಳಿಹಾಕುವಂತಿಲ್ಲ. ಬ್ಯಾಂಕಾಕಿಗೆ ಮೀಟರ್ ಟ್ಯಾಕ್ಸಿ ಬಂದದ್ದು 1992ರಲ್ಲಿ. ಆಗ ಆರಂಭದ ದರ 35 ಬಾತ್, ಈಗಲೂ ಸಣ್ಣ ಕಾರಿಗೆ ಅದೇ 35. ಮುಂದಿನ ಕಿಲೋಮೀಟರುಗಳ ದರ ಮಾತ್ರ ಕೆಲವು ಸಲ, 2014ರ ಕೊನೆಯಲ್ಲೂ 2023ರಲ್ಲೂ ಸೇರಿದಂತೆ, ಅಷ್ಟಿಷ್ಟು ಏರಿತು. ಹಸಿರು-ಹಳದಿ ಬಣ್ಣದ ಗಾಡಿ ಸಾಮಾನ್ಯವಾಗಿ ಓಡಿಸುವವನದೇ ಸ್ವಂತದ್ದು. ಗುಲಾಬಿ, ನೀಲಿ, ಕಿತ್ತಳೆ ಎಂದು ಬೇರೆ ಬಣ್ಣದವು ಹೆಚ್ಚಾಗಿ ಕಂಪನಿ ಅಥವಾ ಸಹಕಾರ ಸಂಘಗಳ ಗಾಡಿಗಳು. ಚಾಲಕ ಪಾಳಿಗಿಷ್ಟು ಎಂದು ಬಾಡಿಗೆ ಕಟ್ಟಿ, ಗ್ಯಾಸನ್ನೂ ತಾನೇ ತುಂಬಿಸಿ ಓಡಿಸುತ್ತಾನೆ. ಪಾಳಿ ಹನ್ನೆರಡು ಗಂಟೆಯದು. ಮಧ್ಯಾಹ್ನ ಮೂರರಿಂದ ಐದರ ನಡುವೆ ಟ್ಯಾಕ್ಸಿಯವರು ಬರಲ್ಲ ಎಂದು ತಲೆಯಾಡಿಸಿ ಮುಂದೆ ಹೋಗುವುದಕ್ಕೆ ಅದೇ ಕಾರಣ. ಗಾಡಿಯನ್ನು ಹೊತ್ತಿಗೆ ಸರಿಯಾಗಿ ಗ್ಯಾರೇಜಿಗೆ ಒಪ್ಪಿಸಬೇಕು. ಟ್ರಾಫಿಕ್ಕಿನಲ್ಲಿ ಒಂದು ಗಂಟೆ ನಿಂತರೆ ಅವನಿಗೆ ಸಿಗುವುದು 180 ಬಾತ್, ಅದರಲ್ಲೇ ಗ್ಯಾಸು, ಅದರಲ್ಲೇ ಬಾಡಿಗೆ.

ಹಾಗಾದರೆ ಕೇಳಿದಷ್ಟು ಕೊಡುವುದು ಧರ್ಮವೇ? ನನ್ನ ಉತ್ತರ ಇಲ್ಲ ಎಂದೇ, ಮತ್ತು ಕಾರಣ ಚಾಲಕರ ಕಡೆಯದೇ. ಆ 400 ಬಾತ್ ಹೋದದ್ದು ದಿನವಿಡೀ ಮೀಟರ್ ಹಾಕಿ ಊರು ಸುತ್ತುವವನಿಗಲ್ಲ. ಅರಮನೆಯ ಗೋಡೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿಕೊಂಡು, ಸ್ಥಳೀಯರು ಕೇಳಿದರೆ ಬರಲ್ಲ ಎಂದು, ವಿದೇಶಿಯರಿಗಾಗಿ ಕಾಯುತ್ತ ಕೂತವನಿಗೆ. ಒಂದು ಸವಾರಿಗೆ ನಾಲ್ಕು ಸವಾರಿಯ ದುಡ್ಡು ಬರುವಾಗ ಅವನು ಮೀಟರ್ ಯಾಕೆ ಹಾಕಿಯಾನು? ಪ್ರವಾಸಿಗರು ಸುಮ್ಮನೆ ಕೊಟ್ಟಷ್ಟೂ ಆ ಬೀದಿಯಲ್ಲಿ ಮೀಟರಿನ ಗಾಡಿ ಕಡಿಮೆಯಾಗುತ್ತದೆ. ಕೈಯಲ್ಲಿ ಚೀಲ ಹಿಡಿದು ಮನೆಗೆ ಹೊರಟ ಅಲ್ಲಿನ ಹೆಂಗಸಿಗೆ ಟ್ಯಾಕ್ಸಿ ಸಿಗುವುದಿಲ್ಲ. ನಮ್ಮ ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಬಸ್ಸಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಾಲಕನ ಕಷ್ಟ ನಿಮ್ಮನ್ನು ತಟ್ಟಿದ್ದರೆ ಅದಕ್ಕೆ ಬೇರೆ ದಾರಿಯಿದೆ: ಮೀಟರ್ ಹಾಕಿದವನಿಗೆ ಮೀಟರಿನ ಮೇಲೆ ಇಪ್ಪತ್ತೋ ಐವತ್ತೋ ಕೊಡಿ. 87 ಆದರೆ 100 ಕೊಟ್ಟು ಇಳಿಯುವುದು ಅಲ್ಲಿ ವಾಡಿಕೆ. ನಾಲ್ಕು ಜನರ ಸಾಮಾನು ಎತ್ತಿಟ್ಟವನಿಗೆ 50 ಕೊಟ್ಟರೆ ಅದು ಇನಾಮು. ಮೀಟರ್ ಮುಚ್ಚಿದವನಿಗೆ ಕೊಟ್ಟರೆ ಅದು ಅವನ ಚಾಳಿಗೆ ಕೊಟ್ಟ ಕೂಲಿ.

ಆದರೂ ಪ್ರತಿಯೊಂದಕ್ಕೂ ಜಗಳಕ್ಕೆ ನಿಲ್ಲಿ ಎನ್ನುವುದಿಲ್ಲ. ಯಾವಾಗ ಗಟ್ಟಿಯಾಗಿರಬೇಕು, ಯಾವಾಗ ಬಿಟ್ಟುಕೊಡಬೇಕು ಎನ್ನುವುದನ್ನು ಮೊತ್ತಕ್ಕಿಂತ ಹೆಚ್ಚಾಗಿ ಕಾರಿನ ಬಾಗಿಲು ತೀರ್ಮಾನಿಸುತ್ತದೆ. ಬಾಗಿಲು ಮುಚ್ಚುವ ಮುಂಚೆ ಬಲವೆಲ್ಲ ನಿಮ್ಮದು. ಮುಚ್ಚಿ, ಸಾಮಾನು ಡಿಕ್ಕಿಯೊಳಗೆ ಹೋಗಿ, ಗಾಡಿ ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಬಲ ಅವನದು. ನಿಮ್ಮ ಮಗನಂಥವರು ಎಡವುವುದು ಇಲ್ಲಿ: ಹತ್ತುವಾಗ ಸುಮ್ಮನಿದ್ದು, ಇಳಿಯುವಾಗ ಕೂಗಾಡುತ್ತಾರೆ.

ಬೀದಿಯಲ್ಲಿ ಹೀಗೆ ಮಾಡಿ. ದೇವಸ್ಥಾನ, ಅರಮನೆ, ಮಾಲ್, ದೊಡ್ಡ ಹೋಟೆಲುಗಳ ಮುಂದೆ ನಿಂತ ಟ್ಯಾಕ್ಸಿಯ ಹತ್ತಿರ ಹೋಗಬೇಡಿ. ಇನ್ನೂರು ಮೀಟರ್ ನಡೆದು ಮುಖ್ಯರಸ್ತೆಗೆ ಬಂದು, ಓಡುತ್ತಿರುವ ಗಾಡಿಗೆ ಕೈ ತೋರಿಸಿ. ಮುಂದಿನ ಗಾಜಿನ ಹಿಂದೆ ಕೆಂಪು ಅಕ್ಷರದ ದೀಪ ಹೊತ್ತಿದ್ದರೆ ಗಾಡಿ ಖಾಲಿ ಎಂದರ್ಥ. ಕೈಯನ್ನು ನಮ್ಮಲ್ಲಿಯಂತೆ ತಲೆಯ ಮೇಲೆತ್ತಿ ಬೀಸುವುದಲ್ಲ. ತೋಳು ಚಾಚಿ, ಅಂಗೈ ನೆಲದ ಕಡೆಗಿರಿಸಿ ಬೆರಳಾಡಿಸುತ್ತಾರೆ. ಗಾಡಿ ನಿಂತಾಗ ಹಿಂದಿನ ಬಾಗಿಲು ತೆರೆದು, ಹತ್ತದೆ, ಸ್ಥಳದ ಹೆಸರು ಹೇಳಿ, "ಮೀಟರ್" ಎನ್ನಿ. ಗಂಡಸರಾದರೆ ಕೊನೆಗೆ "ಕ್ರಪ್", ಹೆಂಗಸರಾದರೆ "ಖಾ" ಸೇರಿಸಿದರೆ ಅದು ಮರ್ಯಾದೆಯ ಮಾತಾಗುತ್ತದೆ. ಅವನು ತಲೆಯಾಡಿಸಿ ಒಪ್ಪಿದರೆ ಕೂತುಕೊಳ್ಳಿ. ಬಾಯಿಂದ ಮೊತ್ತ ಬಂದರೆ, ಅಥವಾ "ಮಾವ್" ಎಂದರೆ, ಅದು ಒಟ್ಟು ಬಾಡಿಗೆಯ ಮಾತು. ಚೌಕಾಸಿಗೆ ಇಳಿಯಬೇಡಿ, ನಗುತ್ತಲೇ ಬಾಗಿಲು ಮೆಲ್ಲಗೆ ಮುಚ್ಚಿ ಹಿಂದಿನ ಗಾಡಿಗೆ ಕೈ ತೋರಿಸಿ. ಮೂರನೆಯದೋ ನಾಲ್ಕನೆಯದೋ ಒಪ್ಪುತ್ತದೆ. ಚೌಕಾಸಿ ಬೇಡ ಎನ್ನುವುದಕ್ಕೆ ಕಾರಣವಿದೆ: 400 ಕೇಳಿದವನು 250ಕ್ಕೆ ಇಳಿದರೆ ಗೆದ್ದೆವು ಅನ್ನಿಸುತ್ತದೆ, ಆದರೆ ಮೀಟರಿನಲ್ಲಿ ಅದು 112.

ಸ್ಥಳದ ಹೆಸರಿನ ಬಗ್ಗೆಯೂ ಒಂದು ಮಾತು. ಸುವರ್ಣಭೂಮಿ ಎಂದು ನಾವು ಬರೆದಂತೆ ಹೇಳಿದರೆ ಅಲ್ಲಿಯ ಎಷ್ಟೋ ಚಾಲಕರಿಗೆ ಅರ್ಥವಾಗುವುದಿಲ್ಲ. ನಮ್ಮದೇ ಸಂಸ್ಕೃತ ಪದವಾದರೂ ಥಾಯ್ ಬಾಯಲ್ಲಿ ಅದು "ಸುವನ್ನಪೂಮ್". ಹೋಟೆಲಿನ ಹೆಸರು, ವಿಳಾಸ ಥಾಯ್ ಲಿಪಿಯಲ್ಲಿರುವ ಕಾರ್ಡನ್ನು ಸ್ವಾಗತ ಕೌಂಟರಿನಲ್ಲಿ ಕೇಳಿ ಪಡೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. "ತಿಳಿಯಲಿಲ್ಲ, ಸುತ್ತಿ ಬಂದೆ" ಎನ್ನುವ ನೆಪ ಆಗ ನಡೆಯುವುದಿಲ್ಲ. ಎಕ್ಸ್‌ಪ್ರೆಸ್‌ವೇಗೆ ಅಲ್ಲಿ "ಥಾಂಗ್ ದುವಾನ್" ಎನ್ನುತ್ತಾರೆ. ಚಾಲಕ ಆ ಮಾತೆತ್ತಿದರೆ ಟೋಲ್ ರಸ್ತೆಯಲ್ಲಿ ಹೋಗಲೇ ಎಂದು ಕೇಳುತ್ತಿದ್ದಾನೆ, ಅದರಲ್ಲಿ ಮೋಸವಿಲ್ಲ. ಟೋಲ್ ಹಣವನ್ನು ಗೇಟಿನಲ್ಲೇ ಆಗಿಂದಾಗ ಕೊಟ್ಟುಬಿಡಿ, ಕೊನೆಯ ಲೆಕ್ಕಕ್ಕೆ ಉಳಿಸಬೇಡಿ.

ವಿಮಾನ ನಿಲ್ದಾಣದ ಕ್ರಮ ಬೇರೆ. ಆಗಮನದ ಮಹಡಿಯಲ್ಲಿ "ಟ್ಯಾಕ್ಸಿ, ಟ್ಯಾಕ್ಸಿ" ಎಂದು ಹಿಂದೆ ಬೀಳುವವರನ್ನು ತಿರುಗಿಯೂ ನೋಡಬೇಡಿ. ಸಾರ್ವಜನಿಕ ಟ್ಯಾಕ್ಸಿಯವರು ಹಾಗೆ ಒಳಗೆ ಬಂದು ಕರೆಯುವುದಿಲ್ಲ. ಆಗಮನ ಎರಡನೇ ಮಹಡಿಯಲ್ಲಿ, ಟ್ಯಾಕ್ಸಿ ಸರದಿ ಒಂದನೇ ಮಹಡಿಯಲ್ಲಿ, 4ರಿಂದ 7ನೇ ಬಾಗಿಲುಗಳ ಹೊರಗೆ. ಅಲ್ಲಿನ ಯಂತ್ರ ಚೀಟಿ ಮುದ್ರಿಸಿ ಕೊಡುತ್ತದೆ, ಅದರಲ್ಲಿ ನಿಲುಗಡೆಯ ಸಂಖ್ಯೆಯೂ ಗಾಡಿಯ ವಿವರವೂ ಇರುತ್ತದೆ. ಈ ಚೀಟಿಯೇ ನಿಮ್ಮ ಕೈಯಲ್ಲಿರುವ ಅಸ್ತ್ರ. "ಕೊಡಿ, ನಾನು ಇಟ್ಟುಕೊಳ್ಳುತ್ತೇನೆ" ಎಂದು ಚಾಲಕ ಕೈ ಚಾಚಿದರೆ ತೋರಿಸಿ, ಕೊಡಬೇಡಿ. ಚೀಟಿ ಅವನ ಕೈಗೆ ಹೋದರೆ ದೂರಿಗೆ ಆಧಾರವೇ ಉಳಿಯುವುದಿಲ್ಲ. ಅದೇ ಕಟ್ಟಡದಲ್ಲಿ ನಿಗದಿತ ದರದ ಲಿಮೋಸಿನ್ ಕೌಂಟರುಗಳೂ ಇವೆ. ಅವು ದುಬಾರಿ, ಆದರೆ ದರ ಮೊದಲೇ ಹೇಳುತ್ತಾರಾದ್ದರಿಂದ ಅದನ್ನು ಮೋಸ ಎನ್ನಲಾಗದು.

ನಾಲ್ಕು ಜನರ ಕುಟುಂಬಕ್ಕೆ ಬರುವ ತೊಡಕು ಸಾಮಾನಿನದು. ಬಹಳಷ್ಟು ಟ್ಯಾಕ್ಸಿಗಳ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಕೂತಿರುತ್ತದೆ. ಎರಡು ದೊಡ್ಡ ಸೂಟ್‌ಕೇಸ್ ಹಿಡಿದರೆ ಹೆಚ್ಚು. ನಾಲ್ಕು ಪೆಟ್ಟಿಗೆ ನೋಡಿ ಚಾಲಕ "ಆಗಲ್ಲ, 900 ಕೊಟ್ಟರೆ ಹೇಗೋ ತುರುಕುತ್ತೇನೆ" ಎನ್ನುವುದು ಇಂಥ ಹೊತ್ತಿನಲ್ಲೇ. ನಿಮಗೂ ಹೀಗೇ ಆಗಿರಬಹುದು. ಸರದಿಯಲ್ಲೇ ದೊಡ್ಡ ಗಾಡಿ ಕೇಳಿ ಪಡೆಯಿರಿ. ಅದರ ಮೀಟರ್ 40ರಿಂದ ಶುರು.

ಗಾಡಿ ಹೊರಟ ಮೇಲೆ ಮೊದಲು ಮೀಟರ್ ನೋಡಿ. 35 ಅಥವಾ 40 ತೋರಿಸಬೇಕು. 60-70 ಇದ್ದರೆ ಹಿಂದಿನ ಸವಾರಿಯದನ್ನು ಅಳಿಸಿಲ್ಲ, ಆಗಲೇ ಹೇಳಿ. ಮೀಟರ್ ತಿದ್ದಿದ್ದಾರೋ ಎಂಬ ಅನುಮಾನವಿದ್ದರೆ ಹೀಗೆ ಪರೀಕ್ಷಿಸಿ. ಬ್ಯಾಂಕಾಕಿನ ಮೀಟರ್ ಎರಡೆರಡು ಬಾತ್ ಏರುತ್ತದೆ. ಗಾಡಿ ಪೂರ್ತಿ ನಿಂತಾಗ ನಿಮಿಷಕ್ಕೆ 3 ಬಾತ್, ಎಂದರೆ 40 ಸೆಕೆಂಡಿಗೊಮ್ಮೆ ಅಂಕೆ ಬದಲಾಗಬೇಕು. ಮೊದಲ 10 ಕಿಲೋಮೀಟರಿನಲ್ಲಿ ಓಡುವಾಗ ಸುಮಾರು 300 ಮೀಟರಿಗೊಮ್ಮೆ. ಗಂಟೆಗೆ 60ರ ವೇಗದಲ್ಲಿ ಹೋಗುತ್ತಿದ್ದರೆ ಅದು ಹದಿನೆಂಟು-ಹತ್ತೊಂಬತ್ತು ಸೆಕೆಂಡಿಗೊಮ್ಮೆ. ಕೆಂಪು ದೀಪದಲ್ಲಿ ನಿಂತಾಗ ಐದು-ಹತ್ತು ಸೆಕೆಂಡಿಗೆ ಅಂಕೆ ಜಿಗಿಯುತ್ತಿದ್ದರೆ ಅದು ತಿದ್ದಿದ ಮೀಟರ್. ಫೋನಿನ ಗಡಿಯಾರ ಸಾಕು, ಬೇರೆ ಸಾಧನ ಬೇಕಿಲ್ಲ. ಮ್ಯಾಪ್ ಕೂಡ ತೆರೆದಿಟ್ಟುಕೊಳ್ಳಿ, ಸ್ವಲ್ಪ ಎದ್ದು ಕಾಣುವಂತೆಯೇ ಹಿಡಿದುಕೊಳ್ಳಿ.

ನಡುದಾರಿಯಲ್ಲಿ ಮೀಟರ್ ಆರಿಸಿ "ಏಳುನೂರು" ಎಂದರೆ? ಗಾಡಿ ಇನ್ನೂ ನಿಲ್ದಾಣದ ಆವರಣದಲ್ಲೋ ಊರ ಬೀದಿಯಲ್ಲೋ ಇದ್ದರೆ ಇಳಿದುಬಿಡಿ. "ಜೋತ್ ತ್ರೋಂಗ್ ನೀ" ಎಂದರೆ ಇಲ್ಲೇ ನಿಲ್ಲಿಸಿ ಎಂದರ್ಥ. ಎಕ್ಸ್‌ಪ್ರೆಸ್‌ವೇ ಮೇಲಿದ್ದರೆ ಇಳಿಯುವ ಮಾತೇ ಬೇಡ, ಒಪ್ಪಿದೆ ಎಂದೂ ಹೇಳಬೇಡಿ. "ಮೀಟರ್, ಹೋಟೆಲ್" ಎಂದಷ್ಟೇ ಹೇಳಿ ಸುಮ್ಮನೆ ಕೂತಿರಿ. ಲೆಕ್ಕ ಹೋಟೆಲಿನ ಬಾಗಿಲಲ್ಲಿ, ಅಲ್ಲಿನ ಸಿಬ್ಬಂದಿಯ ಎದುರಿಗೆ ಆಗಲಿ. ದರ್ಬಾನನೋ ಸ್ವಾಗತಕಾರಿಣಿಯೋ ಥಾಯ್ ಭಾಷೆಯಲ್ಲಿ ಎರಡು ಮಾತಾಡಿದರೆ ಅರ್ಧಕ್ಕರ್ಧ ಜಗಳ ಅಲ್ಲೇ ಮುಗಿಯುತ್ತದೆ. ದನಿ ಏರಿಸುವುದರಿಂದ ಅಲ್ಲಿ ಕೆಲಸ ಕೆಡುತ್ತದೆ. "ಏನ್ರೀ ಇದು" ಎಂದು ಕೈ ತೋರಿಸಿ ಜೋರು ಮಾಡುವುದು ನಮ್ಮಲ್ಲಿ ಮಾತುಕತೆಯ ಆರಂಭ. ಅಲ್ಲಿ ಅದು ನಾಲ್ಕು ಜನರ ಮುಂದೆ ಮುಖಕ್ಕೆ ಹೊಡೆದಂತೆ, ಆಮೇಲೆ ಅವನು ತಪ್ಪೊಪ್ಪಿ ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಅವನು ನಿಜವಾಗಿ ಹೆದರಿಸಿದರೆ, ರಾತ್ರಿಯಾಗಿದ್ದರೆ, ಮಕ್ಕಳಿದ್ದರೆ, ಕೇಳಿದ್ದನ್ನು ಕೊಟ್ಟು ಇಳಿಯಿರಿ. ಅಲ್ಲಿ ಬಿಟ್ಟುಕೊಡುವುದು ಹೇಡಿತನವಲ್ಲ. ಇಳಿಯುವ ಕ್ರಮವೂ ಇರಲಿ: ಮೊದಲು ಡಿಕ್ಕಿಯ ಸಾಮಾನು ಹೊರಗೆ ಬರಲಿ, ಅಲ್ಲಿಯವರೆಗೆ ಒಬ್ಬರು ಒಳಗೇ ಕೂತಿರಲಿ, ದುಡ್ಡು ಆಮೇಲೆ.

ದುಡ್ಡು ಎಂದಾಗ ಚಿಲ್ಲರೆಯ ಮಾತೂ ಬರುತ್ತದೆ. ಎಟಿಎಂ ಉದುರಿಸುವುದು ಹೆಚ್ಚಾಗಿ 1000ದ ನೋಟುಗಳನ್ನು. 112 ಬಾತ್‌ಗೆ 1000 ಕೊಟ್ಟರೆ "ಚೇಂಜ್ ಇಲ್ಲ" ಎಂಬ ಉತ್ತರ ಖಚಿತ, ಅದು ಎಷ್ಟೋ ಸಲ ನಿಜವೂ ಹೌದು. ಮೊದಲೇ ಯಾವುದಾದರೂ ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡು 20, 50, 100ರ ನೋಟು ಮಾಡಿಕೊಳ್ಳಿ.

ದೂರು ಕೊಡುವುದಾದರೆ ಎರಡು ಸಂಖ್ಯೆಗಳು ಸಾಕು. 1584 ಥಾಯ್ಲೆಂಡಿನ ಭೂಸಾರಿಗೆ ಇಲಾಖೆಯದು, ಟ್ಯಾಕ್ಸಿಯೂ ಸೇರಿದಂತೆ ಸಾರ್ವಜನಿಕ ಸಾರಿಗೆಯ ದೂರುಗಳಿಗಾಗಿ ಇದೆ. 1155 ಪ್ರವಾಸಿ ಪೊಲೀಸರದು, ಇಂಗ್ಲಿಷಿನಲ್ಲಿ ಮಾತಾಡಬಹುದು. ಮೀಟರ್ ಹಾಕದಿರುವುದು, ಮೀಟರಿಗಿಂತ ಹೆಚ್ಚು ಕೇಳುವುದು, ಕಾರಣವಿಲ್ಲದೆ ಸವಾರಿ ನಿರಾಕರಿಸುವುದು ಮೂರಕ್ಕೂ ಅಲ್ಲಿ ದಂಡವಿದೆ. ಆದರೆ ಗಾಡಿಯ ಸಂಖ್ಯೆ ಇಲ್ಲದ ದೂರು ಗಾಳಿಗೆ ಹೇಳಿದ ಮಾತು. ಟ್ಯಾಕ್ಸಿಯ ನಂಬರ್ ಪ್ಲೇಟ್ ಹಳದಿ, ಅದರಲ್ಲಿ ಥಾಯ್ ಅಕ್ಷರಗಳೂ ಇರುತ್ತವೆ. ಬರೆದುಕೊಳ್ಳಲು ಹೋದರೆ ತಪ್ಪುವುದೇ ಹೆಚ್ಚು, ಹತ್ತುವ ಮುಂಚೆ ಫೋಟೋ ತೆಗೆದು ಮನೆಯವರ ಗುಂಪಿಗೆ ಕಳಿಸಿಬಿಡಿ. ಹಿಂದಿನ ಬಾಗಿಲ ಒಳಬದಿಯಲ್ಲೂ ಅದೇ ಸಂಖ್ಯೆ ಅಂಟಿಸಿರುತ್ತಾರೆ. ಮುಂದೆ ಡ್ಯಾಶ್‌ಬೋರ್ಡ್ ಮೇಲೆ ಚಾಲಕನ ಫೋಟೋ ಇರುವ ಗುರುತಿನ ಚೀಟಿ ಇರಬೇಕು. ಮುಖ ಹೊಂದುತ್ತದೋ ನೋಡಿ. ಹೊತ್ತು, ಹತ್ತಿದ ಜಾಗ, ಇಳಿದ ಜಾಗ, ಕೊಟ್ಟ ಮೊತ್ತ ಇವಿಷ್ಟು ದೂರಿನಲ್ಲಿರಲಿ. ಸೀಟಿನಲ್ಲಿ ಫೋನೋ ಪಾಸ್‌ಪೋರ್ಟೋ ಮರೆತಾಗಲೂ ಈ ಫೋಟೋವೇ ಕಾಯುತ್ತದೆ.

ಈ ರಗಳೆಯೇ ಬೇಡ ಎನ್ನುವವರಿಗೆ ಗ್ರ್ಯಾಬ್, ಬೋಲ್ಟ್ ಆ್ಯಪ್‌ಗಳಿವೆ. ಮಳೆ ಬಂದಾಗ ಅವುಗಳ ದರ ಏರುತ್ತದೆ, ಆದರೆ ಹತ್ತುವ ಮುಂಚೆ ಮೊತ್ತ ಕಣ್ಣಿಗೆ ಕಾಣುತ್ತದೆ. ನಿಲ್ದಾಣದಿಂದ ನಗರದೊಳಗಿನ ಫಯಾ ಥಾಯ್‌ವರೆಗೆ ರೈಲು ಲಿಂಕ್ ಇದೆ, ಪೂರ್ತಿ ದಾರಿಗೆ 45 ಬಾತ್. ಒಬ್ಬಿಬ್ಬರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ನಾಲ್ವರಿಗೆ ಅಲ್ಲಿಗೇ 180 ಆಗುತ್ತದೆ, ಮೇಲೆ ಇನ್ನೊಂದು ಮೆಟ್ರೋ, ಪೆಟ್ಟಿಗೆ ಎಳೆದುಕೊಂಡು ಮೆಟ್ಟಿಲು. ನಿಮ್ಮ ಕುಟುಂಬಕ್ಕೆ ಮೀಟರ್ ಟ್ಯಾಕ್ಸಿಯೇ ಸರಿ.

ಟುಕ್‌ಟುಕ್ ಬಗ್ಗೆ ಮಾತ್ರ ಈ ನಿಯಮಗಳನ್ನು ಅನ್ವಯಿಸಬೇಡಿ. ಅದಕ್ಕೆ ಮೀಟರ್ ಇಲ್ಲ, ಚೌಕಾಸಿಯೇ ಅದರ ದರಪಟ್ಟಿ. ಅಲ್ಲಿ ಹೆಚ್ಚು ಕೇಳುವವನಿಗಿಂತ ಕಡಿಮೆ ಕೇಳುವವನೇ ಅಪಾಯಕಾರಿ. "ಅರಮನೆ ಇವತ್ತು ಮುಚ್ಚಿದೆ, 20 ಬಾತ್‌ಗೆ ಊರೆಲ್ಲ ತೋರಿಸುತ್ತೇನೆ" ಎಂದವನು ಕರೆದೊಯ್ಯುವುದು ಹರಳಿನ ಅಂಗಡಿಗೆ, ಸೂಟು ಹೊಲಿಯುವವರ ಬಳಿಗೆ. ಅವನ ಬಾಡಿಗೆ ಅಲ್ಲಿನ ಕಮಿಷನ್ನಿನಿಂದ ಬರುತ್ತದೆ. ಅರಮನೆ ತೆರೆದಿದೆಯೋ ಇಲ್ಲವೋ ಎಂದು ಅದರ ಬಾಗಿಲಿಗೇ ಹೋಗಿ ನೋಡಿ. ಪುಕೆಟ್, ಪಟ್ಟಾಯಗಳಲ್ಲೂ ಬ್ಯಾಂಕಾಕಿನ ಮೀಟರ್ ಲೆಕ್ಕ ನಡೆಯುವುದಿಲ್ಲ. ಪುಕೆಟ್‌ನಲ್ಲಿ ಟ್ಯಾಕ್ಸಿ ಎಂದರೆ ಬಹುಪಾಲು ಹೇಳಿದ ದರವೇ, ಮತ್ತು ಅದು ದುಬಾರಿ; ನಿಲ್ದಾಣದಿಂದ ಕಡಲತೀರಗಳಿಗೆ ಬಸ್ಸಿದೆಯೇ ಎಂದು ಮೊದಲು ವಿಚಾರಿಸಿ. ಪಟ್ಟಾಯದಲ್ಲಿ ಊರೊಳಗೆ ಸುತ್ತಾಡಲು ಹಿಂಬದಿಯಲ್ಲಿ ಎರಡು ಬೆಂಚು ಹಾಕಿದ ಸೊಂಗ್‌ತೇವ್ ಗಾಡಿಗಳಿವೆ. ಓಡುತ್ತಿರುವುದನ್ನು ಹತ್ತಿ ಇಳಿದರೆ ಚಿಲ್ಲರೆ ಕಾಸು, ನಿಂತಿರುವುದನ್ನು "ಎಷ್ಟು" ಎಂದು ಕೇಳಿ ಹತ್ತಿದರೆ ಇಡೀ ಗಾಡಿಯ ಬಾಡಿಗೆ.

ಕೊನೆಯದಾಗಿ ನಿಮ್ಮ 900 ಬಾತ್. ನಿಲ್ದಾಣದ ಚೀಟಿ ಇನ್ನೂ ಪರ್ಸಿನ ಮೂಲೆಯಲ್ಲಿ ಉಳಿದಿದ್ದರೆ ಅದರ ಚಿತ್ರ ತೆಗೆದು, ದಿನಾಂಕ, ಹೊತ್ತು, ಮೊತ್ತ ಬರೆದು ಭೂಸಾರಿಗೆ ಇಲಾಖೆಗೆ ಕಳಿಸಿ. ಚಾಲಕನನ್ನು ಕರೆಸಿ ವಿಚಾರಿಸಲು ಅಷ್ಟು ಸಾಕಾಗಬಹುದು, ಹಣ ಮರಳಿ ಬರುತ್ತದೆಂದು ಮಾತ್ರ ಎಣಿಸಬೇಡಿ. ಅರಮನೆಯ ಎದುರು ಕೊಟ್ಟ 400ಕ್ಕೆ ಚೀಟಿಯಿಲ್ಲ, ನಂಬರ್ ಇಲ್ಲ, ಮೊತ್ತವನ್ನು ನೀವೇ ಒಪ್ಪಿ ಹತ್ತಿದ್ದೀರಿ. ಅದನ್ನು ಬಿಟ್ಟುಬಿಡಿ.